ದಾರಿ ನುಂಗಿದ ಬಾರ್ಡರ್ ಗಿಡ

“ಇದು ದಾರಿನಾ, ಇಲ್ಲ ಸುರಂಗನಾ?” ಎಂದು ಹೆಡ್‌ಮಿಸ್ ಕೇಳಿದರು. ಅವರ ತೋಳೆಲ್ಲ ಒದ್ದೆ, ತಲೆಯ ಮೇಲೆ ಒಂದು ಗುಲಾಬಿ ಬಣ್ಣದ ಎಸಳು.

ಐದನೇ ಕ್ಲಾಸಿನವರೆಲ್ಲ ಒಬ್ಬಳ ಕಡೆ ತಿರುಗಿದರು. ಗಾರ್ಡನ್ ಕೆಲಸಕ್ಕೆ ಅವಳೇ ಲೀಡರ್. ಎಲ್ಲರೂ ಅವಳನ್ನು ಕರೆಯುವುದೂ ಲೀಡರ್ ಎಂದೇ. ಹಾಗೆ ಕರೆಯಿರಿ ಎಂದು ಅವಳೇ ಹೇಳಿಟ್ಟಿದ್ದಳು.

ಗೇಟಿನಿಂದ ಕ್ಲಾಸಿನವರೆಗೆ ದಾರಿಯ ಅಂಚಿಗೆ ಗಿಡ ಆರಿಸಿದವಳೂ ಅವಳೇ. ಎರಡು ತಿಂಗಳ ಹಿಂದೆ ಗೇಣುದ್ದ ಇದ್ದ ಕಾಸ್ಮಾಸ್ ಗಿಡಗಳು ಈಗ ಅವಳ ತಲೆ ಮೀರಿ ಬೆಳೆದು, ಮಳೆಗೆ ನೆನೆದು, ದಾರಿಗೆ ಅಡ್ಡ ಮಲಗಿದ್ದವು. ಒಂದನೇ ಕ್ಲಾಸಿನ ಮಕ್ಕಳು ಒಳಹೊಕ್ಕರೆ ಬ್ಯಾಗು ಮಾತ್ರ ಕಾಣುತ್ತಿತ್ತು.

“ಶುಕ್ರವಾರದೊಳಗೆ ದಾರಿ ಕಾಣಬೇಕು. ಇಲ್ಲಾಂದ್ರೆ ಗಾರ್ಡನ್ ನಾಲ್ಕನೇ ಕ್ಲಾಸಿಗೆ ಕೊಡ್ತೀನಿ.”

ನಾಲ್ಕನೇ ಕ್ಲಾಸಿಗೆ. ಅದಕ್ಕಿಂತ ಟಿ.ಸಿ. ಕೊಟ್ಟು ಕಳಿಸಿದ್ದರೂ ಮರ್ಯಾದೆ ಉಳಿಯುತ್ತಿತ್ತು.

“ಚೆನ್ನಾಗಿ ಆರಿಸಿದೀಯ ಲೀಡರ್,” ಎಂದ ಪಕ್ಕದ ಬೆಂಚಿನ ಸೋಡಾಬುಡ್ಡಿ, ತನ್ನ ದಪ್ಪ ಕನ್ನಡಕ ಒರೆಸುತ್ತ. “ಇನ್ನೊಂದು ವಾರ ಬಿಟ್ರೆ ಹುಲಿ ಬಂದು ಸಂಸಾರ ಹೂಡುತ್ತೆ.”

ಸಂಜೆ ಅವಳು ಅವನನ್ನೂ ಎಳೆದುಕೊಂಡು, ಗಿಡ ತಂದಿದ್ದ ನರ್ಸರಿಗೆ ಹೋದಳು. ನರ್ಸರಿ ಅಜ್ಜಿ ಪ್ಯಾಕೆಟ್‌ಗಳಿಗೆ ಮಣ್ಣು ತುಂಬುತ್ತ ಕುಳಿತಿದ್ದಳು.

“ಗೇಣುದ್ದದ ಗಿಡ ಅಂತ ಕೊಟ್ರಿ ಅಜ್ಜಿ. ಈಗ ನೋಡಿದ್ರೆ ಆಳೆತ್ತರ.”

“ನಾನೆಲ್ಲಿ ಹೇಳ್ದೆ? ನೀನೇ ಸ್ಕೇಲ್ ತಂದು ಅಳೆದೆ. ಎಷ್ಟು ದೊಡ್ಡದಾಗುತ್ತೆ ಗೊತ್ತಾ ಅಂತ ನಾನು ಕೇಳಿದ್ರೆ, ‘ಕಣ್ಣಿಗೆ ಕಾಣ್ತಿದೆಯಲ್ಲ’ ಅಂದೆ ನೀನು. ಅಷ್ಟು ತಿಳಿದವರ ಹತ್ರ ನಾನೇನು ವಾದ ಮಾಡ್ಲಿ?” ಅಜ್ಜಿ ಮಣ್ಣು ತುಂಬುವುದನ್ನು ನಿಲ್ಲಿಸಲಿಲ್ಲ. “ನೀನೂ ಹುಟ್ಟಿದಾಗ ಮೊಳದುದ್ದ ಇದ್ದೆ ಕಣಮ್ಮ. ನಿಮ್ಮಮ್ಮ ಈಗಲೂ ತೊಟ್ಟಿಲಲ್ಲೇ ಮಲಗಿಸ್ತಾಳಾ?”

ಸೋಡಾಬುಡ್ಡಿ ನಗು ತಡೆಯಲಾರದೆ ಗೊಬ್ಬರದ ಚೀಲಗಳ ಹಿಂದೆ ಹೋದ.

ಲೀಡರ್ ಬ್ಯಾಗಿನಿಂದ ತೆಗೆದಿದ್ದ ಸ್ಕೇಲನ್ನು ಮೆಲ್ಲಗೆ ಒಳಗಿಟ್ಟಳು. ಆಮೇಲೆ ಕೇಳಿದಳು, “ಅಜ್ಜಿ, ಬೆಳೆದು ಮುಗಿದಿರೋ ಗಿಡ ತೋರಿಸ್ತೀರಾ?”

ಅಜ್ಜಿ ಆಗ ತಲೆಯೆತ್ತಿ ನೋಡಿದಳು. ಎದ್ದು, ನಲ್ಲಿಯ ಹಿಂದಿನ ಪಾತಿಗೆ ಕರೆದೊಯ್ದಳು. ಅಲ್ಲಿ ಮಳೆ ಲಿಲ್ಲಿ ಸಾಲಾಗಿತ್ತು. ಈರುಳ್ಳಿ ಎಲೆಯಂಥ ಎಲೆ, ಅಲ್ಲೊಂದು ಇಲ್ಲೊಂದು ಬಿಳಿ ಹೂ.

“ನಾಲ್ಕು ವರ್ಷದಿಂದ ಎತ್ತರ ಇಷ್ಟೇ. ಮೊಣಕಾಲು ಮುಟ್ಟಿಲ್ಲ, ಕತ್ತರಿ ಕೇಳಿಲ್ಲ. ಗೆಡ್ಡೆ ವರ್ಷವರ್ಷ ಪಕ್ಕಕ್ಕೆ ಮರಿ ಹಾಕಿ ಹರಡುತ್ತೆ, ಅಷ್ಟೇ. ರಜೇಲಿ ನೀವು ನೀರು ಹಾಕೋದು ಮರೆತರೂ ಗೆಡ್ಡೆ ಒಳಗೇ ಸುಮ್ಮನಿದ್ದು, ಮಳೆ ಬಂದಾಗ ಏಳುತ್ತೆ. ಆದ್ರೆ ಬಿಡು, ನಿನ್ನ ಕಣ್ಣಿಗೆ ಚೆಂದ ಕಾಣಲ್ಲ.”

“ಕಾಣುತ್ತೆ,” ಎಂದಳು ಲೀಡರ್. ಅಷ್ಟೇನೂ ಕಾಣುತ್ತಿರಲಿಲ್ಲ.

ಎರಡು ದಿನ ಇಡೀ ಕ್ಲಾಸು ಸೇರಿ ಕಾಸ್ಮಾಸ್ ಕಿತ್ತಿತು, ಮಳೆ ಲಿಲ್ಲಿ ನೆಟ್ಟಿತು. ಶುಕ್ರವಾರ ಹೆಡ್‌ಮಿಸ್ ಗೇಟಿನಿಂದ ನೆಟ್ಟಗೆ ನಡೆದು ಬಂದರು.

“ಹುಲ್ಲು ನೆಟ್ಟಿದೀರೇನೋ ಅನ್ಕೊಂಡೆ. ಇರ್ಲಿ, ನಾಲ್ಕನೇ ಕ್ಲಾಸಿನವರು ಕಾಯಲಿ.”

ಅವರು ಹೋದ ಮೇಲೆ ಸೋಡಾಬುಡ್ಡಿ ಮೂಗು ಮುರಿದ. “ನಡುನಡುವೆ ಬೋಳುಬೋಳು. ಇನ್ನೊಂದಿಷ್ಟು ತಂದು ತುಂಬಿಬಿಡೋಣ್ವಾ?”

ಲೀಡರ್ ಮಂಡಿಯೂರಿ ಕುಳಿತಳು. ಎರಡು ಗಿಡಗಳ ನಡುವಿನ ಬರಿ ಮಣ್ಣನ್ನು ನೋಡಿದಳು. ತೀರ ಹತ್ತಿರವಾಗಿದ್ದ ಒಂದು ಗೆಡ್ಡೆಯನ್ನು ಮೆಲ್ಲಗೆ ಬಿಡಿಸಿ, ಇನ್ನಷ್ಟು ದೂರಕ್ಕೆ ನೆಟ್ಟು, ಅಂಗೈಯಿಂದ ಮಣ್ಣು ಒತ್ತಿದಳು.