ಬೈಸಿಕೊಳ್ಳಲಾದರೂ ಬರಬೇಕಿತ್ತು

"ಹಿಂದಕ್ಕೆ ತಗೊಳ್ರೀ! ಈ ಸಂದಿಗೆ ಅಷ್ಟು ದೊಡ್ಡ ಗಾಡಿ ತಂದೋರು ಯಾರ್ರೀ ನೀವು?"

ಎದುರಿನ ಟ್ರ್ಯಾಕ್ಟರಿನಿಂದ ಬಂದ ಆ ದನಿ ಕೇಳಿದ್ದೇ ರೋವೆನಾಳ ಕೈ ಸ್ಟಿಯರಿಂಗ್ ಮೇಲೆ ಮರಗಟ್ಟಿತು.

ಐವರ್!

ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಆ ಇಕ್ಕಟ್ಟು ಹಳ್ಳಿದಾರಿಯ ಎರಡೂ ಬದಿಗೆ ಆಳೆತ್ತರದ ಬೇಲಿ. ಅಕ್ಟೋಬರಿನ ಜಿಟಿಜಿಟಿ ಮಳೆ. ಒಳಗೇ ಮಂಚ, ಒಲೆ ಎಲ್ಲ ಇದ್ದ ಅವಳ ಬಾಡಿಗೆಯ ಮೋಟರ್‌ಹೋಮ್ ಹಿಂದಿನ ಚಕ್ರವನ್ನು ಚರಂಡಿಗೆ ಇಳಿಸಿಕೊಂಡು ವಾಲಿ ನಿಂತಿತ್ತು.

ಅವನು ಇಳಿದು ಬಂದ. ಕಿಟಕಿಯ ಗಾಜು ಕೆಳಗಿಳಿಯಿತು. ಕೆನ್ನೆ ಒಳಗೆ ಹೋಗಿದೆ, ಗಡ್ಡ ಅರ್ಧ ನರೆತಿದೆ... ನಲವತ್ತಕ್ಕೇ ಹೀಗಾಗಿಬಿಟ್ಟನಾ?

"ನೀನಾ?"

"ಚಕ್ರ ಸಿಕ್ಕಿಹಾಕ್ಕೊಂಡಿದೆ, ಐವರ್."

"ಮೂರು ವರ್ಷ ಆದ್ಮೇಲೆ ಈ ಕಡೆ ದಾರಿ ನೆನಪಾಯ್ತಾ, ಡಾಕ್ಟ್ರೇ?"

ರೋವೆನಾ ಇಂಜಿನ್ ಆರಿಸಿದಳು.

ಮೂರು ವರ್ಷದ ಹಿಂದೆ ಅವಳು ಆ ಸೀಮೆಯ ದನದ ಡಾಕ್ಟರು. ಐವರ್ ಪ್ರಾಸರ್‌ನ ಮನೆಯಲ್ಲಿ ತಲೆಮಾರಿನಿಂದ ಬೆಳೆಸಿದ ಹಾಲಿನ ಹಸುಗಳು. ಇಬ್ಬರ ಪ್ರೀತಿ ಇನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ. ವಸಂತದಲ್ಲಿ ಅಪ್ಪನಿಗೆ ಹೇಳೋಣ ಎಂದಿದ್ದ ಅವನು.

ವಸಂತಕ್ಕೆ ಮೊದಲೇ ಹಸುಗಳ ಕ್ಷಯರೋಗದ ತಪಾಸಣೆ ಬಂತು. ಚುಚ್ಚುಮದ್ದು ಕೊಟ್ಟ ಜಾಗ ಊದಿಕೊಂಡಿದೆಯೇ ಎಂದು ಪ್ರತಿ ಹಸುವಿನ ಕುತ್ತಿಗೆಯನ್ನೂ ಅಳೆಯಬೇಕು. ಊದಿದರೆ ಆ ಹಸುವನ್ನು ಗುಂಡಿಟ್ಟು ಕೊಲ್ಲಲೇಬೇಕು. ಕಾನೂನೇ ಹಾಗೆ. ಅಳೆದವಳು ರೋವೆನಾ.

"ಇನ್ನೊಂದ್ಸಲ ನೋಡಮ್ಮಾ..." ಐವರ್‌ನ ಅಪ್ಪ ಎಮ್ಲಿನ್ ಟೋಪಿ ಕೈಯಲ್ಲಿ ಹಿಡಿದು ಬೇಡಿಕೊಂಡಿದ್ದರು. ಅವಳು ಮತ್ತೆ ನೋಡಿದಳು, ಮತ್ತೂ ನೋಡಿದಳು. ಊತ ಇಳಿಯಲಿಲ್ಲ. ಇಡೀ ಮಂದೆಯನ್ನೇ ಕೊಲ್ಲಬೇಕಾಯಿತು.

ಗುಂಡಿನ ಸದ್ದಿನ ನಡುವೆಯೇ ತುಂಬು ಗಬ್ಬದ ಹಸುವೊಂದು ಅಂಗಳದಲ್ಲಿ ಕರು ಹಾಕಿತು. ಕರುವೂ ಉಳಿಯಲಿಲ್ಲ. ಆ ಚಳಿಗಾಲ ಮುಗಿಯುವುದರೊಳಗೆ ಎಮ್ಲಿನ್ ಖಾಲಿ ಕೊಟ್ಟಿಗೆಯಲ್ಲೇ ಎದೆ ಹಿಡಿದುಕೊಂಡು ಬಿದ್ದು ಸತ್ತರು.

ಐವರ್ ಸರಪಳಿ ಕಟ್ಟಿ, ಟ್ರ್ಯಾಕ್ಟರ್ ಹಿಂದಕ್ಕೆ ಓಡಿಸುತ್ತ ಗಾಡಿಯನ್ನು ಎಳೆದ. "ತಿರುಗಿಸೋಕೆ ನಮ್ಮ ಅಂಗಳ ಬಿಟ್ರೆ ಬೇರೆ ಜಾಗ ಇಲ್ಲ. ಬಾ."

ಅಂಗಳದಲ್ಲಿ ಒಂದು 'ಅಂಬಾ' ಇಲ್ಲ. ಕಲ್ಲುಗಳ ಸಂದಿಯಲ್ಲಿ ಹುಲ್ಲು ಎದ್ದಿತ್ತು. ರೋವೆನಾ ಇಳಿಯದೆ ಒಳಗೇ ಕುಳಿತಳು.

ಅವನೇ ಬಾಗಿಲು ತಟ್ಟಿದ. "ಕೊಂಬೆ ಬಡಿದು ಚಾವಣಿ ಕಿಟಕಿ ಸಡಿಲ ಆಗಿದೆ. ರಾತ್ರಿಯೆಲ್ಲ ಸೋರುತ್ತೆ. ಒಳಗಿಂದ ಬಿಗೀಬೇಕು."

ತಲೆ ಬಗ್ಗಿಸಿ ಒಳಗೆ ಬಂದ. ದೂರ ನಿಲ್ಲಲು ಅಲ್ಲಿ ಜಾಗವೆಲ್ಲಿ! ಅವನು ಸ್ಕ್ರೂ ತಿರುಗಿಸುತ್ತಿದ್ದರೆ ಅವನ ಒದ್ದೆ ಕೋಟಿನ ತೋಳು ಅವಳ ಭುಜಕ್ಕೆ ತಾಗುತ್ತಿತ್ತು. ಅವಳು ಚಹಾಕ್ಕೆ ನೀರಿಟ್ಟಳು.

"ರಜೆಯಾ?" ಅವನು ಮೇಲೆ ನೋಡುತ್ತಲೇ ಕೇಳಿದ.

"ಕೆಲಸ ಬಿಟ್ಟು ವರ್ಷ ಆಯ್ತು. ಹಸುವಿನ ಕುತ್ತಿಗೆ ಮೇಲೆ ಕೈ ಇಟ್ರೆ ಸಾಕು, ನಡುಗೋಕೆ ಶುರುವಾಗುತ್ತೆ. ನಾಕು ದಿನ ಸಮುದ್ರದ ಕಡೆ ಹೋಗಿ ಬಾ ಅಂತ ಅಕ್ಕ ಈ ಗಾಡಿ ಹಿಡಿದುಕೊಟ್ಲು."

"ಸಮುದ್ರ ಈ ಕಡೆ ಇಲ್ವಲ್ಲ."

"ಗೊತ್ತು..."

ಸ್ಕ್ರೂ ತಿರುಗುವುದು ನಿಂತಿತು.

"ಅಪ್ಪನ ಮಣ್ಣಿಗೂ ಬರಲಿಲ್ಲ ನೀನು." ಅವನು ಇನ್ನೂ ಮೇಲೆಯೇ ನೋಡುತ್ತಿದ್ದ. "ಚರ್ಚಿನೊಳಗೆ ನಿಂತು ಬಾಗಿಲು ನೋಡ್ತಾನೇ ಇದ್ದೆ ಕಣೇ. ಪಾದ್ರಿ ಏನು ಓದಿದ್ರೋ ಒಂದೂ ಕೇಳಿಸಲಿಲ್ಲ. ಈಗ ಬರ್ತಾಳೆ, ಈಗ ಬರ್ತಾಳೆ ಅಂತ..."

"ಬಂದಿದ್ದೆ ಐವರ್!"

ಅವನು ತಿರುಗಿದ.

"ಚರ್ಚಿನ ಗೇಟಲ್ಲಿ ನಿನ್ನ ತಂಗಿ ನೆಸ್ಟಾ ನಿಂತಿದ್ಲು. 'ಕೊಂದೋಳು ಹೂವು ತಂದಿದಾಳೆ ನೋಡಿ' ಅಂದ್ಲು. ಅಣ್ಣನೂ ನಿನ್ನ ಮುಖ ನೋಡಲ್ಲ ಅಂತಾನೆ, ಹೋಗು ಅಂದ್ಲು. ನೀನೇ ಹೇಳಿರಬೇಕು ಅಂದ್ಕೊಂಡೆ. ಅದಾದ್ಮೇಲೆ ನೀನೂ ಫೋನ್ ಮಾಡಲಿಲ್ಲ..."

"ನಾನು ಹಾಗೆ ಹೇಳೇ ಇಲ್ಲ!" ಅವನು ಹಾಸಿಗೆಯ ಅಂಚಿಗೆ ಕುಸಿದ. "ನಮ್ಮ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಹಸು ಕೊಲ್ಲಿಸಿದ ಡಾಕ್ಟ್ರು ಬಂದ್ಲು ಅಂತ ಓಡಿಸಿರ್ತಾಳೆ... ದೇವರೇ, ನನಗೊಂದು ಮಾತೂ ಹೇಳಲಿಲ್ಲ."

ನೀರು ಕುದಿದು ಉಕ್ಕುತ್ತಿತ್ತು. ಒಲೆ ಆರಿಸಲೂ ಇಬ್ಬರಿಗೂ ತೋಚಲಿಲ್ಲ.

"ಒಳಗೆ ಬಂದಿದ್ರೆ ಏನ್ಮಾಡ್ತಿದ್ದೆ?" ಅವಳು ಕೊನೆಗೆ ಕೇಳಿದಳು.

"ಬೈತಿದ್ದೆ. ಎಲ್ಲರ ಮುಂದೆ ಬಾಯಿಗೆ ಬಂದಂಗೆ ಬೈತಿದ್ದೆ. ಆದ್ರೆ... ಬೈಸ್ಕೊಳ್ಳೋಕಾದ್ರೂ ಬರಬೇಕಿತ್ತು ನೀನು. ನನ್ನವಳು ಅಂತ ಇನ್ಯಾರಿದ್ರು ಬೈಯೋಕೆ?"

ರೋವೆನಾ ಮುಖ ಮುಚ್ಚಿಕೊಂಡಳು. ಗೇಟಿನಲ್ಲಿ ಒಂದು ಮಾತು ಕೇಳಿ ತಿರುಗಿಬಿಟ್ಟೆನಲ್ಲ... ನೆಸ್ಟಾಳನ್ನು ತಳ್ಳಿಯಾದರೂ ಒಳಗೆ ಹೋಗಬಾರದಿತ್ತಾ ನಾನು?

"ನಿಮ್ಮಪ್ಪ... ನನ್ನ ಬಗ್ಗೆ ಏನಾದ್ರೂ ಅಂದಿದ್ರಾ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ನಿನ್ನ ಸಮಾಧಾನಕ್ಕೆ ಸುಳ್ಳು ಹೇಳಲ್ಲ. ಕೊನೇವರೆಗೂ ಕ್ಷಮಿಸಲಿಲ್ಲ. ನಿನ್ನ ಹೆಸರು ಎತ್ತಿದ್ರೆ ಎದ್ದು ಹೋಗ್ತಿದ್ರು."

ಆ ಮಾತು ಅವಳ ಎದೆಗೆ ನೇರವಾಗಿ ನಾಟಿತು. ಅದು ಇನ್ನು ಯಾವತ್ತೂ ಸರಿಹೋಗುವುದಿಲ್ಲ ಎಂದು ಅವಳಿಗೆ ತಿಳಿಯಿತು.

"ನೀನು?"

"ಹಸುಗಳ ವಿಷಯಕ್ಕೆ ನಿನ್ನ ಮೇಲೆ ಸಿಟ್ಟೇ ಇರಲಿಲ್ಲ. ಕುತ್ತಿಗೆ ಅಳೆಯೋವಾಗ ನಿನ್ನ ಕೈ ನಡುಗ್ತಿದ್ದದ್ದು ನೋಡಿದ್ದೆ. ಒಂಟಿಯಾಗಿ ಬಿಟ್ಟು ಹೋದ್ಯಲ್ಲ ಅಂತ ಸಿಟ್ಟು." ಅವನು ಮಸುಕಾದ ಕಿಟಕಿಯತ್ತ ನೋಡಿದ. "ಈಗ ಮತ್ತೆ ಹಸು ತರಬಹುದು ಅಂತ ಸರ್ಕಾರದವರು ಅನುಮತಿ ಕೊಟ್ಟಿದಾರೆ. ಹೆದರಿಕೆ ರೋವೆನಾ. ಬೆಳಿಗ್ಗೆ ಕೊಟ್ಟಿಗೆ ಬಾಗಿಲವರೆಗೂ ಹೋಗ್ತೀನಿ. ತೆಗೆಯೋಕೆ ಆಗಲ್ಲ. ವಾಪಸ್ ಬರ್ತೀನಿ."

ಅವಳು ಒಲೆ ಆರಿಸಿ ಅವನ ಪಕ್ಕ ಕುಳಿತಳು. ಬಿರುಕುಬಿಟ್ಟ ಆ ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಅವನು ಎಳೆದುಕೊಳ್ಳಲಿಲ್ಲ. ಹಾಗೇ ಅವಳ ಭುಜಕ್ಕೆ ಹಣೆ ಇಟ್ಟು, ಮೂರು ವರ್ಷದಿಂದ ಅಳದಿದ್ದ ಗಂಡಸು, ಬಿಕ್ಕಿಬಿಕ್ಕಿ ಅತ್ತ.

"ನಾಳೆ ನಾಕನೇ ದಿನ, ಗಾಡಿ ವಾಪಸ್ ಕೊಡ್ಬೇಕು," ಎಂದಳು ಮೆಲ್ಲಗೆ.

"ಕೊಟ್ಟು?"

"ರೈಲು ಹತ್ತಿ ಬರ್ತೀನಿ. ನಿನಗೆ ಬೇಕಿದ್ರೆ."

"ಇಲ್ಲಿ ಸುಖ ಇಲ್ಲ ಕಣೇ. ನಾನು ಇನ್ನೂ ಒಮ್ಮೊಮ್ಮೆ ಸುಮ್ನೆ ಸಿಡುಕ್ತೀನಿ. ದಿನಗಟ್ಟಲೆ ಮಾತಾಡಲ್ಲ."

"ನಾನು ರಾತ್ರಿ ಚೀರಿಕೊಂಡು ಏಳ್ತೀನಿ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಎಷ್ಟೋ ಕಾಲದ ಮೇಲೆ ಅವನ ತುಟಿಯ ಮೂಲೆ ಸ್ವಲ್ಪವೇ ಅಲುಗಿತು.

"ಹಾಗಾದ್ರೆ ನನಗೂ ನಿದ್ದೆ ಇಲ್ಲ ಅನ್ನು."

"ಪರವಾಗಿಲ್ವಾ?"

"ಪರವಾಗಿಲ್ಲ. ಬಾ."