ಕೆಂಚವ್ವ ಜೋಗುಳ ಬರೆದದ್ದು

ಬಹಳ ಹಿಂದೆ, ಹಾಡಿಗೂ ಬೀಗ ಬೀಳುತ್ತಿದ್ದ ಕಾಲದಲ್ಲಿ, ಸಿರಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ಮಾಂತ್ರಿಕ ಧೂಮಕೇತ ಊರವರ ಹಾಡುಗಳನ್ನು ಕದ್ದು ಗಡಿಗೆಗಳಲ್ಲಿ ತುಂಬಿಟ್ಟಿದ್ದ. ಹಾಡು ಗಡಿಗೆ ಸೇರಿದರೆ ಹಾಡಿದವರಿಗೇ ಮರೆತುಹೋಗುತ್ತಿತ್ತು. ಬಿಡಿಸಲು ಒಂದೇ ದಾರಿ: ಹಾಡನ್ನು ಕಿವಿಯಲ್ಲೇ ಕೇಳಿ, ಅದರ ಸರಿಗಮವನ್ನು ತಪ್ಪಿಲ್ಲದೆ ಬರೆಯಬೇಕು. ಅದಕ್ಕೇ ಅವನು, ಆ ವಿದ್ಯೆ ಅರಮನೆಯವರಿಗೆ ಮಾತ್ರ ಎಂದು ಡಂಗುರ ಹೊಡೆಸಿದ. ವಿದ್ಯೆ ಬಚ್ಚಿಡುವವನನ್ನು ಕಳ್ಳ ಎನ್ನದೆ ಇನ್ನೇನು ಅನ್ನಬೇಕು?

ನೇಕಾರರ ಕೇರಿಯ ಕೆಂಚವ್ವನ ಜೋಗುಳವೂ ಗಡಿಗೆ ಸೇರಿತ್ತು. ಅದಿಲ್ಲದೆ ಅವಳ ಕೂಸು ಕಣ್ಣೇ ಮುಚ್ಚುತ್ತಿರಲಿಲ್ಲ. ದಿನದಿನಕ್ಕೆ ಸೊರಗಿ ಹಿಡಿಯಷ್ಟಾಗಿತ್ತು.

ಅರಮನೆಯವರು ಹೊರದಬ್ಬಿದ್ದ ಹಾಡುಗಾರ್ತಿ ದೇವೀರಮ್ಮ ಅವಳಿಗೆ ಗುಟ್ಟಾಗಿ ಆ ವಿದ್ಯೆ ಕಲಿಸಲು ಕೂತಳು. ಮುಂದೆ ಹಿಟ್ಟು ಹರಡಿದ ತಟ್ಟೆ ಇಟ್ಟು ಒಂದು ಸಾಲು ಹಾಡಿದಳು. ಕೆಂಚವ್ವ ಬರೆಯಲು ತಕ್ಷಣ ಹಿಟ್ಟಿನ ಮೇಲೆ ಬೆರಳಿಟ್ಟಳು.

"ಕೈ ತೆಗಿ. ಮೊದಲು ಕೇಳು, ಆಮೇಲೆ ಗುನುಗು, ಆಮೇಲೆ ಬರಿ."

"ನನ್ನಂಥೋಳಿಗೆ ಬರ್ತದೇನವ್ವ?"

"ಗಂಟು ಬಿದ್ದ ನೂಲು ಬಿಡಿಸ್ತೀಯಲ್ಲ ತಾಯಿ, ಆವಾಗ ಯಾರಪ್ಪಣೆ ಕೇಳ್ತೀಯ?"

ಹೀಗೆ ಕಲಿತ ಕೆಂಚವ್ವ ತಟ್ಟೆ ಹೊತ್ತು ಮಾಂತ್ರಿಕನ ಕೋಟೆಗೆ ಹೊರಟಳು.

ಅಲ್ಲಿ ಬಾಗಿಲಲ್ಲಿ ಕೇಳಿದ ಹಾಡನ್ನು ಸರಿಯಾಗಿ ಬರೆದರೆ ದಾರಿ, ತಪ್ಪಿದರೆ ಮೈ ಕಲ್ಲು. ಮೊದಲ ಬಾಗಿಲಲ್ಲಿ ಕಲ್ಲಿನ ನವಿಲು ಹಾಡಿತು. ಕಿವಿಗೆ ಬಿದ್ದ ಮೊದಲ ಸ್ವರವೇ ಸ ಎಂದುಕೊಂಡು ಅವಳು ಬರೆದಳು. ಸಾಲಿಗೆ ಸಾಲೇ ತಪ್ಪಿತು. ಎಡಗೈಯ ಕಿರುಬೆರಳು ಕಲ್ಲಾಯಿತು.

"ಹೊಸಬರೆಲ್ಲ ಮಾಡೋ ತಪ್ಪೇ ಕಣಮ್ಮ," ಎಂದಿತು ನವಿಲು. "ಹಾಡು ಹೊರಟಿದ್ದು ಪ ಇಂದ."

"ಹಂಗಾದ್ರೆ ಸ ಎಲ್ಲಿ?"

"ಹೇಳೋ ಹಾಗಿಲ್ಲ. ಇನ್ನೊಂದು ಸಲ ಹಾಡ್ತೀನಿ, ಕೇಳು."

ಹಾಡು ಎಲ್ಲೆಲ್ಲೋ ಸುತ್ತಿ ಕೊನೆಗೆ ಒಂದು ಸ್ವರದಲ್ಲಿ ದಣಿವಾರಿಸಿಕೊಂಡು ಕುಳಿತಿತು. ಅದೇ ಸ. ಅಲ್ಲಿಂದ ಉಳಿದ ಸ್ವರಗಳನ್ನು ಎಣಿಸಿ ಬರೆದಳು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲ ಬಿಳಿಯಾನೆ ಬಿರುಸಾಗಿ ಹಾಡಿತು. ಅವಳು ಮತ್ತೆ ಹಾಡಿಸಿ, ಕಿವಿಯಲ್ಲಿ ನಿಂತ ಹಾಡಿನ ಬಾಲದ ತುಣುಕು ಮೊದಲು ಬರೆದು, ಆಮೇಲೆ ತಲೆ, ಆಮೇಲೆ ನಡು ತುಂಬಿದಳು.

"ಹಿಂದುಮುಂದಾಗಿ ಬರೀತೀಯಲ್ಲ, ನಾಚಿಕೆ ಇಲ್ವಾ?"

"ತಪ್ಪಿದ್ರೆ ಹೇಳು. ಇಲ್ಲಾಂದ್ರೆ ಆ ಕಡೆ ಸರಿ."

ಆನೆ ನಗುತ್ತ ಸರಿಯಿತು.

ಮೂರನೆಯ ಬಾಗಿಲಲ್ಲಿ ಧೂಮಕೇತನೇ ಕುಳಿತಿದ್ದ. ಬಾಗಿಲ ಕಟ್ಟಳೆಯಂತೆ ಅವನೂ ಒಂದು ಗಡಿಗೆಯ ಮುಚ್ಚಳ ತೆಗೆದ. ಅವಳ ಜೋಗುಳ ಕೇಳಿಬಂತು. ಜೊತೆಗೇ ಅವನು ಬೇರೊಂದು ಶ್ರುತಿಗೆ ತಂಬೂರಿ ಮೀಟತೊಡಗಿದ.

"ಇಲ್ಲಿ ನಾನೇ ಗುರು. ಗುರು ಮೀಟಿದ್ದೇ ಸ. ಬರಿ."

ನಂಬಿ ಬರೆದಳು. ಎಡಗೈ ಪೂರಾ ಕಲ್ಲಾಯಿತು. ಹಾಡು ಮಾತ್ರ ಆ ತಂಬೂರಿಯ ಮೇಲೆ ಎಲ್ಲೂ ಕೂರದೆ ಅಲೆಯುತ್ತಿತ್ತು.

ಕೆಂಚವ್ವ ತಂಬೂರಿಗೆ ಬೆನ್ನು ಮಾಡಿದಳು. ಕಲ್ಲಾದ ಎಡಗೈಯನ್ನು ಬಲಗೈಯಿಂದ ಎತ್ತಿ ಎದೆಗವುಚಿ, ಕೂಸನ್ನು ತೂಗುವಂತೆ ತೂಗಿದಳು. ಕೊನೆಯ ಜೋ ಬಂದಾಗ ತೂಗುವ ಕೈ ತಾನಾಗಿ ನಿಂತಿತು. ಸ ಅಲ್ಲಿತ್ತು. ತಟ್ಟೆಯಲ್ಲಿ ಬರೆದದ್ದನ್ನು ಅಳಿಸಲು ಬಲಗೈ ಚಾಚಿದಳು.

"ಗುರು ಹೇಳಿದ್ದನ್ನ ಅಳಿಸ್ತೀಯಾ?" ಎಂದು ಧೂಮಕೇತ ಎದ್ದ.

"ನನ್ನ ಹಾಡು ಎಲ್ಲಿ ಮಲಗ್ತದೆ ಅಂತ ನೀನ್ಯಾರಯ್ಯ ಹೇಳೋಕೆ?"

ಹಿಟ್ಟು ಸರಿಮಾಡಿ ಮತ್ತೆ ಬರೆದಳು. ಅವಳ ಹಾಡಿನ ಗಡಿಗೆ ಒಡೆಯಿತು, ಆ ಸದ್ದಿಗೆ ಉಳಿದ ಗಡಿಗೆಗಳೆಲ್ಲ ಒಡೆದವು, ಕೈಗೆ ಜೀವ ಬಂತು. ಕದ್ದ ಹಾಡುಗಳೆಲ್ಲ ಹೋದ ಮೇಲೆ ಮಾಂತ್ರಿಕನಲ್ಲಿ ಅವನದೆಂಬ ಒಂದು ಸ್ವರವೂ ಉಳಿಯಲಿಲ್ಲ. ಹೊಗೆಯಾಗಿ ಕಿಟಕಿಯಿಂದ ಹೋದ.

ಆಮೇಲೆ ಆ ರಾಜ್ಯದ ಮನೆಮನೆಯ ಗೋಡೆಯ ಮೇಲೂ ಸರಿಗಮ ಬಂತು. ಎಲ್ಲರೂ ಬರೆದರು, ಎಲ್ಲರೂ ಹಾಡಿದರು, ಸುಖವಾಗಿದ್ದರು. ಕೆಂಚವ್ವನ ಕೂಸು ಮಾತ್ರ ಪ್ರತಿಸಲ ಅರ್ಧಕ್ಕೇ ನಿದ್ದೆಹೋಗಿ, ತಾಯಿ ಗೆದ್ದು ತಂದ ಜೋಗುಳವನ್ನು ಪೂರಾ ಕೇಳಲೇ ಇಲ್ಲ.