೯,೯೯,೯೧೯ಕ್ಕೆ ಎಂಟು ದಿನದ ಗಡುವು

“ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರಾ ಹತ್ತೊಂಬತ್ತು... ಇದು ಯಾವುದರಿಂದಾದ್ರೂ ಭಾಗ ಹೋಗ್ತದೇನ್ರಿ?”

ಹೆಣ್ಣು ನೋಡಲು ಬಂದ ಗಂಡು ಕೇಳುವ ಮಾತೇ ಇದು! ಬದಾಮಿಯ ಶ್ರೀನಿವಾಸರಾಯರ ಪಡಸಾಲೆ ಗೊಳ್ಳೆಂದು ನಕ್ಕಿತು.

ತುಳಸಿಯ ಕಿವಿ ಬಿಸಿಯಾದವು. ಒಂಬತ್ತನೇ ಇಯತ್ತೆಗೇ ಶಾಲೆ ಬಿಡಿಸಿದ ಹುಡುಗಿ ಅವಳು. ‘ಬಾಗಲಕೋಟಿ ಗಣಿತದ ಮಾಸ್ತರಂತ... ನನ್ನ ಅಣಕಸ್ಲಿಕ್ಕೇ ಕೇಳ್ಯಾನ!’

ತಲೆ ಎತ್ತಿ ಗಂಡು ಪಂಢರೀನಾಥನನ್ನು ನೇರ ನೋಡಿದಳು. “ಎಂಟು ದಿನಾ ಕೊಡ್ರಿ. ಹೇಳ್ತೇನಿ.”

“ಆಗ್ಲಿರಿ,” ಎಂದ.

ನಗು ನಿಂತಿತು. ಕನ್ಯೆಯೇ ಗಂಡಿಗೆ ಗಡುವು ಹಾಕುವುದೆಂದರೇನು!

ನಾಲ್ಕು ದಿನವಾದರೂ ಗಂಡಿನ ಕಡೆಯ ಕಾಗದ ಬರಲಿಲ್ಲ. ರಾಯರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. “ನಿನ್ನ ನಾಲಿಗಿ ನಮ್ಮ ಮಾನಾ ಕಳೀತು!” ಎಂದು ಮಗಳನ್ನು ಹಿಂದಿನ ಕೋಣೆಗೆ ನೂಕಿ ಚಿಲಕ ಹಾಕಿದರು. ಹುನಗುಂದದ ವಿಧುರನೊಬ್ಬನಿಗೆ ಮಾತೂ ಕೊಟ್ಟರು. ಅವನಿಗೆ ತುಳಸಿಯಷ್ಟೇ ವಯಸ್ಸಿನ ಮಗಳಿದ್ದಳು! ಎಂಟನೇ ದಿನ ಸಂಜೆ ನಿಶ್ಚಯ.

ಕಿಟಕಿಯಿಲ್ಲದ ಕೋಣೆ. ಬೆಳಕಿಂಡಿಯಿಂದ ಅಂಗೈಯಷ್ಟು ಬಿಸಿಲು. ತುಳಸಿ ಹಟದಿಂದ ಗೋಡೆಯ ಮೇಲೆ ಇದ್ದಿಲಿನಲ್ಲಿ ಭಾಗಿಸತೊಡಗಿದಳು. ಏಳರಿಂದ... ಶೇಷ ಉಳಿಯಿತು. ಹದಿಮೂರರಿಂದ... ಮತ್ತೆ ಶೇಷ! ಎರಡು ದಿನಕ್ಕೆ ಇದ್ದಿಲು ತೀರಿತು.

‘ಇದಕ್ಕೂ ಬಾಗಿಲಿಲ್ಲ, ನನಗೂ ಇಲ್ಲ... ನಾ ಇಲ್ಲೇ ಮುಗದುಹೋದೆ!’ ಬಿಕ್ಕಿಬಿಕ್ಕಿ ಅತ್ತಳು.

ಬರೆಯಲು ಏನೂ ಇಲ್ಲದೆ ಬಾಯಲ್ಲೇ ಲೆಕ್ಕ ಹಾಕಿದಳು. ಹತ್ತು ಲಕ್ಷಕ್ಕೆ ಎಷ್ಟು ಕಡಿಮೆ? ಎಂಬತ್ತೊಂದು... ಅಂದರೆ ಸಾವಿರದ ವರ್ಗದಲ್ಲಿ ಒಂಬತ್ತರ ವರ್ಗ ಕಳೆದದ್ದು! ಸಾವಿರದಲ್ಲಿ ಒಂಬತ್ತು ಕಳೆದು, ಸಾವಿರಕ್ಕೆ ಒಂಬತ್ತು ಕೂಡಿಸಿ, ಎರಡನ್ನೂ ಗುಣಿಸಿದರಾಯಿತು! ಶಾಲೆಯಲ್ಲಿ ಕಲಿತದ್ದೇ!

“ಅಯ್ಯೋ ಪಾಂಡುರಂಗಾ!”

ಎಂಟನೇ ದಿನ ಮುಂಜಾನೆ ಪಡಸಾಲೆಯಲ್ಲಿ ಪಂಢರೀನಾಥನ ದನಿ ಕೇಳಿಸಿತು.

“ಒಂದ್ ಕಾಗದಾ ಹಾಕ್ಲಿಲ್ಲ. ಈಗ್ಯಾಕ ಬಂದ್ರಿ?” ರಾಯರು ಸಿಡುಕಿದರು.

“ಅವ್ರು ಎಂಟು ದಿನಾ ಕೇಳಿದ್ರಲ್ರಿ. ನಡುವ ಬರದ್ರ ಅವಸರಾ ಮಾಡಿಧಂಗ ಆಗ್ತದಂತ ತಡದೆ. ನನಗ ಅವ್ರು ಅವತ್ತೇ ಮನಸಿಗೆ ಬಂದಾರ್ರಿ.”

ತುಳಸಿ ಎರಡೂ ಕೈಯಿಂದ ಬಾಗಿಲು ಬಡಿದಳು. “ಒಂಬೈನೂರಾ ತೊಂಬತ್ತೊಂದು! ಸಾವಿರದ ಒಂಬತ್ತು! ಗುಣಿಸಿ ನೋಡ್ರಿ!”

ಪಂಢರೀನಾಥ ನೆಲದ ಮೇಲೆ ಬೆರಳಿನಿಂದಲೇ ಗುಣಿಸಿದ. “ಖರೆ ಅದ! ಭಾಗ ಹೋಗ್ತದ್ರೀ!”

ತಾಯಿ ರುಕ್ಮಿಣೀಬಾಯಿ ಗಂಡನ ಮುಖವನ್ನೂ ನೋಡದೆ ಹೋಗಿ ಚಿಲಕ ತೆಗೆದರು. “ಹುನಗುಂದಕ್ಕ ಬರಬ್ಯಾಡ್ರಂತ ಈಗೇ ಹೇಳಿ ಕಳಸ್ರಿ.”

“ಆತು,” ಎಂದರು ರಾಯರು, ಸಣ್ಣ ದನಿಯಲ್ಲಿ.

ಹೊಸ್ತಿಲಲ್ಲಿ ನಿಂತ ತುಳಸಿಗೆ ಇನ್ನೂ ಸಿಟ್ಟು. “ಉತ್ತರಾ ಗೊತ್ತಿದ್ದೂ ಅಣಕಸ್ಲಿಕ್ಕೆ ಕೇಳಿದ್ರಿ, ಹೌದಲ್ರಿ?”

“ಗೊತ್ತಿದ್ರ ಯಾಕ ಕೇಳ್ತಿದ್ದೆ? ಮೂರು ತಿಂಗಳಿಂದ ಒಂದೊಂದ ಸಂಖ್ಯಾ ಹಿಡದು ಭಾಗಸ್ಲಿಕ್ಕತ್ತೇನಿ. ಜೊತಿಗೆ ಕೂತು ಹುಡುಕೋರು ಯಾರೂ ಸಿಗಲಿಲ್ಲ. ಏಳುನೂರಾ ಒಂದಕ್ಕ ನಿಂತೇನಿ.”

“ಇನ್ನಷ್ಟು ಮುಂದ ಹೋಗಿದ್ರ ಸಿಗ್ತಿತ್ತು. ಯಾಕ ನಿಂತ್ರಿ?”

ಅವನು ಕತ್ತು ಕೆರೆದುಕೊಂಡ. “ನಿಮ್ಮನ್ನ ನೋಡಿ ಹೋದಾಗಿಂದ ಏಳುನೂರಾ ಒಂದರಿಂದನ ಭಾಗಸ್ಲಿಕ್ಕತ್ತೇನ್ರಿ... ದಿನಾ ಬ್ಯಾರೆ ಶೇಷ ಬರ್ತದ.”

ತುಳಸಿಗೆ ನಗು ತಡೆಯಲಾಗಲಿಲ್ಲ. ಕಣ್ಣೀರು ಒರೆಸುತ್ತಲೇ ಕೈ ಚಾಚಿದಳು.

“ಎಲ್ಲೆ ಅದ ಆ ಲೆಕ್ಕದ ಕಾಗದಾ? ತರ್ರಿ ಇಲ್ಲೆ... ಇಬ್ಬರೂ ಕೂತು ನೋಡೂಣು.”